ಅಪ್ಪನ ಬೋಲ್ಟು

ಹಲ್ಲುಜ್ಜುವಾಗ ಶುರುವಾದ ಜಗಳ ಗ್ಯಾರೇಜಿನ ಶಟರ್ ಎತ್ತುವವರೆಗೂ ಅವಳ ತಲೆಯೊಳಗೆ ನಡೆದೇ ಇತ್ತು. ಎದುರಿಗೆ ಯಾರೂ ಇರಲಿಲ್ಲ. ಅಣ್ಣ ಇನ್ನೂ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದ. ಆದರೂ ಅವಳು ಅವನಿಗೆ ಉತ್ತರ ಕೊಡುತ್ತಲೇ ಇದ್ದಳು, ಒಂದಕ್ಕಿಂತ ಒಂದು ಖಾರವಾಗಿ, ನಿಜಕ್ಕೂ ಅವನು ಎದುರು ನಿಂತಾಗ ಇದರಲ್ಲಿ ಒಂದೂ ಬಾಯಿಗೆ ಬರುವುದಿಲ್ಲವೆಂದು ಗೊತ್ತಿದ್ದೂ. ಕಿತ್ತು ಹಾಕು ಅಂದರೆ ಕಿತ್ತು ಹಾಕಿಬಿಡಬೇಕೆ? ಇವತ್ತು ಹನ್ನೊಂದಕ್ಕೆ ನರ್ಸಮ್ಮ ಗಾಡಿ ತೆಗೆದುಕೊಂಡು ಹೋಗಲು ಬರುವುದರೊಳಗೆ ಅವಳು ಹಾಕಿದ ಆ ಹೊಸ ಸೆನ್ಸರ್ ಕಾರಿನಲ್ಲಿ ಇರಕೂಡದೆಂದು ನಿನ್ನೆ ಅವನು ಹೇಳಿದ್ದ. ಹೇಳಿದ ರೀತಿಯಾದರೂ ಹೇಗೆ? ಇಬ್ಬರು ಗಿರಾಕಿಗಳು ನಿಂತಿರುವಾಗ, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ, 'ಏ ಪುಟ್ಟಿ, ಆಟ ಆಡಿದ್ದು ಸಾಕು. ಸೋಮವಾರದಿಂದ ಕೌಂಟರ್‌ನಲ್ಲಿ ಕೂತ್ಕೋ. ಫೋನು, ಪಾರ್ಟ್ಸು, ಬುಕಿಂಗು ನೋಡ್ಕೋ. ಗಾಡಿ ಮುಟ್ಬೇಡ' ಎಂದಿದ್ದ. ನಲವತ್ತಮೂರು ವರ್ಷದ ಹೆಂಗಸು, ತಲೆಗೂದಲು ಅರ್ಧ ಬೆಳ್ಳಗಾಗಿದೆ, ಪುಟ್ಟಿಯಂತೆ ಪುಟ್ಟಿ! ಗಿರಾಕಿಗಳಲ್ಲೊಬ್ಬ ಕಿಸಕ್ಕನೆ ನಕ್ಕ. ಅವಳೂ ನಕ್ಕಿದ್ದಳು. ಈಗಲೂ ಕೊರೆಯುತ್ತಿದ್ದದ್ದು ಅದೇ. ತಾನು ಯಾಕೆ ನಗಬೇಕಿತ್ತು?

ಶಟರ್ ಪಕ್ಕದಲ್ಲೇ ಕೌಂಟರಿಗೆಂದು ತಂದ ಹೊಸ ಕುರ್ಚಿ ಇತ್ತು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಅತ್ತಿಗೆ ಇನ್ನೂ ತೆಗೆದಿರಲಿಲ್ಲ, ಧೂಳು ಕೂರುತ್ತದೆಂದು. 'ಬೆನ್ನಿಗೆ ಒಳ್ಳೇದು ಕಣೆ, ನೀನೂ ಎಷ್ಟು ವರ್ಷ ಅಂತ ಗಾಡಿ ಕೆಳಗೆ ಮಲಗ್ತೀಯ' ಎಂದು ಅತ್ತಿಗೆ ನಿಜವಾದ ಅಕ್ಕರೆಯಿಂದಲೇ ಹೇಳಿದ್ದಳು. ಈ ಮನೆಯವರ ತೊಂದರೆಯೇ ಅದು, ಹೊಡೆಯುವಾಗಲೂ ಅಕ್ಕರೆಯಿಂದಲೇ ಹೊಡೆಯುತ್ತಾರೆ, ತಿರುಗಿ ಬೈಯುವ ಹಾಗೂ ಇಲ್ಲ. ಗಾಡಿ ಕೆಳಗೆ ಮಲಗದೆ ಅವಳು ಇನ್ನೆಲ್ಲಿಗೆ ಹೋಗಬೇಕು? ಹನ್ನೆರಡನೇ ವಯಸ್ಸಿನಿಂದ ಅವಳಿಗೆ ಗೊತ್ತಿರುವ ಆಕಾಶವೇ ಅದು, ಎಣ್ಣೆ ಜಿನುಗುವ ಕಬ್ಬಿಣದ್ದು. ಇಂಜಿನ್ನಿನ ಸದ್ದು ಕೇಳಿ ಯಾವ ಸಿಲಿಂಡರ್ ಸೋಮಾರಿಯಾಗಿದೆಯೆಂದು ಹೇಳುತ್ತಿದ್ದಳು. ಅದನ್ನು ಕೌಂಟರಿನ ಹಿಂದೆ ಕೂತು ಯಾರಿಗೆ ಹೇಳುವುದು, ಫೋನಿಗೆ ಹೇಳುವುದೇ? ಸೋಮವಾರಕ್ಕೆ ಇನ್ನೆರಡೇ ದಿನ. ಅವಳು ಕುರ್ಚಿಯನ್ನು ಕಾಲಿನಿಂದ ಗೋಡೆಯ ಕಡೆ ತಳ್ಳಿ ಒಳಗೆ ಹೋದಳು.

ನರ್ಸಮ್ಮನ ಕಾರು ಗೋಡೆಗೆ ಮುಖ ಮಾಡಿ ನಿಂತಿತ್ತು. ಇಪ್ಪತ್ತು ವರ್ಷದ ಗಾಡಿ. ಮೇಲಿನ ಹಳ್ಳಿಗಳಿಗೆಲ್ಲ ಹೆರಿಗೆಗೆಂದು ಓಡಾಡಿ ಓಡಾಡಿ ಅದರ ಸೀಟುಗಳೂ ಡೆಟ್ಟಾಲ್ ವಾಸನೆ ಹೊಡೆಯುತ್ತಿದ್ದವು. ಮೂರು ವಾರದ ಹಿಂದೆ ಅದರ ಆಕ್ಸಿಜನ್ ಸೆನ್ಸರ್ ಸತ್ತಿತ್ತು. ಹೊಗೆ ಕೊಳವೆಯಲ್ಲಿ ಕೂತು, ಸುಟ್ಟು ಬಂದ ಗಾಳಿಯಲ್ಲಿ ಆಮ್ಲಜನಕ ಉಳಿದಿದೆಯೇ ಇಲ್ಲವೇ ಎಂದು ಹೇಳುವುದು ಅದರ ಕೆಲಸ. ಅದು ಹೇಳಿದ್ದನ್ನು ಕೇಳಿ ಕಾರಿನ ಕಂಪ್ಯೂಟರ್ ಪೆಟ್ರೋಲ್ ಕೂಡಿಸುತ್ತದೆ, ಕಳೆಯುತ್ತದೆ. ಕಂಪನಿ ಆ ಸೆನ್ಸರ್ ಮಾಡುವುದನ್ನೇ ನಿಲ್ಲಿಸಿತ್ತು. ಗುಜರಿಯಿಂದ ಹಳೆಯದೊಂದು ತಂದು ಹಾಕೋಣವೆಂದ ಅಣ್ಣ. ಅವಳು ಬೇಡವೆಂದು ಹೊರಗಿನದು ತರಿಸಿದ್ದಳು, ವೈಡ್‌ಬ್ಯಾಂಡ್ ಎನ್ನುವುದು. ಹಳೇ ಸೆನ್ಸರ್‌ಗೆ ಬರುತ್ತಿದ್ದದ್ದು ಎರಡೇ ಮಾತು, ಪೆಟ್ರೋಲ್ ಹೆಚ್ಚಾಯಿತು, ಪೆಟ್ರೋಲ್ ಕಡಿಮೆಯಾಯಿತು. ಎಷ್ಟು ಎಂದು ಕೇಳಿದರೆ ಅದಕ್ಕೆ ಗೊತ್ತಿಲ್ಲ. ಹೊಸದು ಎಷ್ಟೆಂದು ಅಂಕಿಯಲ್ಲಿ ಹೇಳುತ್ತದೆ. ಆದರೆ ಕಾರಿನ ಹಳೇ ಕಂಪ್ಯೂಟರ್‌ಗೆ ಅಷ್ಟೆಲ್ಲ ಮಾತು ತಿಳಿಯುವುದಿಲ್ಲ. ಅದಕ್ಕೇ ಸೆನ್ಸರ್ ಜೊತೆ ಒಂದು ಪುಟ್ಟ ಡಬ್ಬಿ ಬರುತ್ತದೆ. ಡಬ್ಬಿಯ ಒಂದು ವೈರು ಡ್ಯಾಶ್‌ಬೋರ್ಡಿನ ಮೇಲಿನ ಮೀಟರಿಗೆ ನಿಜವಾದ ಅಂಕಿ ಕಳಿಸುತ್ತದೆ. ಇನ್ನೊಂದು ವೈರು ಕಂಪ್ಯೂಟರ್‌ಗೆ ಹಳೇ ಸೆನ್ಸರ್‌ನ ಧಾಟಿಯಲ್ಲೇ ಹೆಚ್ಚು, ಕಡಿಮೆ ಎಂದಷ್ಟೇ ಹೇಳುತ್ತದೆ. ಇದನ್ನು ಅವಳು ಅಣ್ಣನಿಗೆ ಎರಡು ಸಲ ಬಿಡಿಸಿ ಹೇಳಿದ್ದಳು. 'ಕಂಪನಿ ಕಂಪ್ಯೂಟರ್‌ಗೆ ಬೀದೀಲಿ ಹೋಗೋ ಮೂಗು ತಂದು ಅಂಟಿಸ್ತೀನಿ ಅಂತೀಯಲ್ಲ, ಅಪ್ಪ ಇದ್ದಿದ್ರೆ ಏನನ್ನೋರು?' ಎಂದು ಅವನು ಕೇಳಿದ. ಅಪ್ಪ ಇದ್ದಿದ್ದರೆ! ಅಪ್ಪ ಹೋಗಿ ಒಂಬತ್ತು ವರ್ಷವಾದರೂ ಈ ಗ್ಯಾರೇಜಿನಲ್ಲಿ ಕೊನೆಯ ಮಾತು ಅವರದೇ, ಬದುಕಿದ್ದಾಗ ಅಷ್ಟು ಮಾತಾಡಿದವರಲ್ಲ. ಅವಳು ಹಠ ಹಿಡಿದು, ಒಂದು ಭಾನುವಾರ ಒಬ್ಬಳೇ ಕೂತು ಅದನ್ನು ಹಾಕಿದ್ದಳು. ಇಂಜಿನ್ ಚಾಲೂ ಮಾಡಿದಾಗ ಮೀಟರಿನ ಅಂಕಿ ಹದಿನಾಲ್ಕು ಪಾಯಿಂಟ್ ಏಳಕ್ಕೆ ಬಂದು ನಿಂತಿತು, ಒಂದು ಪಾಲು ಪೆಟ್ರೋಲಿಗೆ ಅಷ್ಟು ಪಾಲು ಗಾಳಿ, ಪೆಟ್ರೋಲ್ ಗಾಡಿಗೆ ಅದೇ ಹದ. ಖಾಲಿ ಗ್ಯಾರೇಜಿನಲ್ಲಿ ಅವಳು 'ನೋಡ್ದಾ?' ಎಂದು ಗಟ್ಟಿಯಾಗಿ ಕೇಳಿದ್ದಳು, ಯಾರನ್ನು ಎಂದು ಅವಳಿಗೇ ಗೊತ್ತಿರಲಿಲ್ಲ.

ಹತ್ತು ದಿನಕ್ಕೆ ಫೋನು ಬಂತು. 'ಏನಮ್ಮಾ, ನಿನ್ನ ಗಾಡಿ ದಿಬ್ಬದಲ್ಲಿ ಕೈಕೊಡ್ತು' ಎಂದಳು ನರ್ಸಮ್ಮ. ಅರವತ್ತು ದಾಟಿದರೂ ಅವಳ ದನಿ ಗಂಟೆಯಂಥದು. 'ಸಂಜೆ ಆರೂವರೆ, ಮೇಲಿನ ಹಳ್ಳೀಲಿ ಚೊಚ್ಚಲ ಹೆರಿಗೆ. ಗಾಡಿ ಕೆಮ್ಮಿ ಕೆಮ್ಮಿ ನಿಂತೇ ಹೋಯ್ತು. ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಒಂದೂವರೆ ಮೈಲಿ ನಡೆದೆ. ನಾನು ಹೋಗೋ ಹೊತ್ತಿಗೆ ಪಕ್ಕದ ಮನೆ ಮುದುಕಿ ಮಗು ಹಿಡ್ಕೊಂಡು ಕೂತಿದ್ಲು. ತಾಯಿ ಮಗು ಇಬ್ರೂ ಚೆನ್ನಾಗಿದಾರೆ. ಅದು ಅವರ ಅದೃಷ್ಟ, ನಿಂದೂ ಅಂತಿಟ್ಕೋ.' ಬೈದಿದ್ದರೆ ಚೆನ್ನಾಗಿತ್ತು. ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ. ಆ ದಿಬ್ಬ ಅವಳಿಗೆ ಗೊತ್ತು, ಕೊನೆಯ ತಿರುವಿನಲ್ಲಿ ಖಾಲಿ ಕೈಯಲ್ಲಿ ಹತ್ತಿದರೂ ಏದುಸಿರು ಬರುತ್ತದೆ. ಹುಟ್ಟಿದ್ದು ಹೆಣ್ಣೋ ಗಂಡೋ ಎಂದು ಕೇಳುವಷ್ಟೂ ಧೈರ್ಯ ಬರಲಿಲ್ಲ. ಮಾರನೇ ದಿನ ಮಧ್ಯಾಹ್ನ ಅಣ್ಣ ಗಾಡಿಯನ್ನು ಅದೇ ದಿಬ್ಬಕ್ಕೆ ಮೂರು ಸಲ ಹತ್ತಿಸಿ ಇಳಿಸಿದ. ಒಂದು ಸಲವೂ ಕೆಮ್ಮಲಿಲ್ಲ. 'ಗಾಡಿ ಗಟ್ಟಿಯಾಗೇ ಇದೆ. ಅಂದ್ರೆ ನಿನ್ನ ಸೆನ್ಸರೇ ಮನಸ್ಸು ಬಂದಾಗ ಕೈಕೊಡ್ತಿದೆ' ಎಂದ. ಸೆನ್ಸರ್ ಸರಿಯಿದೆಯೆಂದು ಅವಳಿಗೆ ಹೊಟ್ಟೆಯೊಳಗೆ ಗೊತ್ತಿತ್ತು, ಆದರೆ ಹೊಟ್ಟೆಯೊಳಗಿನದನ್ನು ತೆಗೆದು ಬೆಂಚಿನ ಮೇಲೆ ಇಡಲು ಬರುವುದಿಲ್ಲವಲ್ಲ.

ಈಗ ಅವಳು ಸ್ಪ್ಯಾನರ್ ಹಿಡಿದು ಬಾನೆಟ್ ಎತ್ತಿ ನಿಂತಿದ್ದಳು. ಕೀಳುವ ಮೊದಲು ಕೊನೆಯದಾಗಿ ಒಂದು ಸಲ ನೋಡಿಬಿಡೋಣ ಎಂದು ಇಂಜಿನ್ ಚಾಲೂ ಮಾಡಿ ಬಿಸಿಯಾಗಲು ಬಿಟ್ಟಳು. ಕಂಪ್ಯೂಟರ್ ಏನು ಯೋಚಿಸುತ್ತಿದೆಯೆಂದು ತೋರಿಸುವ ಸ್ಕ್ಯಾನರನ್ನು ಸಿಕ್ಕಿಸಿ ಸೀಟಿನ ಮೇಲಿಟ್ಟಳು. ಮೀಟರು ಹದಿನಾಲ್ಕು ಪಾಯಿಂಟ್ ಏಳು, ಸ್ಕ್ಯಾನರಿನಲ್ಲೂ ಹೆಚ್ಚು, ಕಡಿಮೆ, ಹೆಚ್ಚು, ಕಡಿಮೆ, ಎಲ್ಲ ನೆಟ್ಟಗೆ. ಅಪ್ಪ ಇಂಥ ಹೊತ್ತಿನಲ್ಲಿ ಬೀಡಿ ಹಚ್ಚುತ್ತಿದ್ದರು. ಹಚ್ಚಿ ಸೇದುವುದನ್ನು ಮರೆತು ಗಾಡಿಯ ಮುಂದೆ ನಿಂತುಬಿಡುತ್ತಿದ್ದರು, ಬೂದಿ ತಾನಾಗಿ ಉದುರುತ್ತಿತ್ತು. ಅಣ್ಣ ಹೋಮ್‌ವರ್ಕ್ ಎಂದು ಓಡಿಹೋಗುತ್ತಿದ್ದ. ಟಾರ್ಚ್ ಹಿಡಿದು ನಿಲ್ಲುತ್ತಿದ್ದವಳು ಅವಳು. ಕೈ ನೋಯುತ್ತಿದ್ದರೂ ಬೆಳಕು ಅಲುಗಿಸುತ್ತಿರಲಿಲ್ಲ. ಒಮ್ಮೆ ಒಬ್ಬ ಗಿರಾಕಿ 'ಮಗಳನ್ನ ಮೆಕ್ಯಾನಿಕ್ ಮಾಡ್ತೀರೇನ್ರೀ?' ಎಂದು ತಮಾಷೆಗೆ ಕೇಳಿದಾಗ ಅಪ್ಪ 'ಅವಳು ಆಗಲೇ ಆಗ್ಬಿಟ್ಟಿದಾಳಲ್ಲ' ಎಂದಿದ್ದರು. ಆದರೆ ಗ್ಯಾರೇಜನ್ನು ಬರೆದುಕೊಟ್ಟದ್ದು ಅಣ್ಣನ ಹೆಸರಿಗೆ. ಆ ಎರಡನ್ನೂ ಒಂದೇ ಬಾಯಿ ಹೇಗೆ ಹೇಳಿತು, ಒಂದೇ ಕೈ ಹೇಗೆ ಬರೆಯಿತು ಎಂದು ಅವಳು ಇಷ್ಟು ವರ್ಷ ಕೇಳಿಕೊಂಡಿರಲಿಲ್ಲ, ಇವತ್ತು ಕೇಳಿಕೊಂಡಳು. ಕೇಳಿಕೊಂಡು ಸಿಟ್ಟು ಬಂತು. ಬರಲಿ.

ಸೆನ್ಸರಿನ ಬುಡ ಕತ್ತಲಲ್ಲಿತ್ತು. ಕೈದೀಪದ ಬಲ್ಬು ಸುಟ್ಟುಹೋಗಿತ್ತು, ಹೇಳಿದರೆ ತರುವವರು ಯಾರು! ಎದುರಿನ ಸುಣ್ಣದ ಗೋಡೆಯಿಂದಾದರೂ ಬೆಳಕು ವಾಪಸ್ ಬೀಳಲಿ ಎಂದು ಅವಳು ಕೈ ಒಳಗೆ ಹಾಕಿ ಕಾರಿನ ದೀಪಗಳನ್ನೇ ಹೊತ್ತಿಸಿದಳು. ಮುಂದಿನ ಎರಡು, ಅದರ ಕೆಳಗೆ ಮಂಜಿಗೆಂದು ಅಪ್ಪ ತಾವೇ ಕಟ್ಟಿಕೊಟ್ಟಿದ್ದ ಇನ್ನೆರಡು. ಗೋಡೆ ಬೆಳ್ಳಗೆ ಉರಿಯಿತು. ಇಂಜಿನ್ನಿನ ಸದ್ದು ಬದಲಾಯಿತು. ಬೇರೆ ಯಾರಿಗೂ ಕೇಳುವಂಥದ್ದಲ್ಲ, ಒಂದು ಸಣ್ಣ ತೊದಲು. ಅವಳು ತಲೆಯೆತ್ತಿ ಮೀಟರು ನೋಡಿದಳು. ಹದಿನೈದೂವರೆ. ಹದಿನಾರು. ಹದಿನೇಳು. ಪೆಟ್ರೋಲ್ ಸಾಲದೆ ಇಂಜಿನ್ ಒಣಗುತ್ತಿತ್ತು. ಸೀಟಿನ ಮೇಲಿನ ಸ್ಕ್ಯಾನರಾದರೋ ಪೆಟ್ರೋಲ್ ಹೆಚ್ಚಾಗಿದೆ, ಕಡಿಮೆ ಮಾಡುತ್ತಿದ್ದೇನೆ, ಇನ್ನೂ ಹೆಚ್ಚಾಗಿದೆ, ಇನ್ನೂ ಕಡಿಮೆ ಮಾಡುತ್ತಿದ್ದೇನೆ ಎನ್ನುತ್ತಿತ್ತು. ದೀಪ ಆರಿಸಿದಳು. ಹದಿನಾಲ್ಕು ಪಾಯಿಂಟ್ ಏಳು. ಹೊತ್ತಿಸಿದಳು. ಹದಿನೇಳು. ಅಣ್ಣ ದಿಬ್ಬ ಹತ್ತಿಸಿದ್ದು ಮಧ್ಯಾಹ್ನ. ನರ್ಸಮ್ಮ ಹತ್ತಿದ್ದು ಸಂಜೆ ಆರೂವರೆಗೆ.

ಒಂದೇ ಸೆನ್ಸರ್, ಒಂದೇ ಡಬ್ಬಿ. ಮೀಟರಿಗೆ ನಿಜ ಹೇಳಿ ಕಂಪ್ಯೂಟರ್‌ಗೆ ಸುಳ್ಳು ಹೇಳುತ್ತಿದೆಯೆಂದರೆ ಸುಳ್ಳು ದಾರಿಯಲ್ಲಿ ಸೇರಿಕೊಂಡಿದೆ. ಯೋಚಿಸುವ ಮೊದಲೇ ಅವಳು ವೋಲ್ಟ್ ಅಳೆಯುವ ಮಲ್ಟಿಮೀಟರ್ ತೆಗೆದುಕೊಂಡಿದ್ದಳು. ಒಂದು ಮೊನೆಯನ್ನು ಇಂಜಿನ್ನಿನ ಮೇಲೆ ಕಂಪ್ಯೂಟರಿನ ಅರ್ತ್ ವೈರು, ಎಂದರೆ ಕರೆಂಟು ಬ್ಯಾಟರಿಗೆ ಹಿಂತಿರುಗುವ ವೈರು, ಕೂತಿರುವ ಜಾಗಕ್ಕೆ ಇಟ್ಟಳು. ಇನ್ನೊಂದನ್ನು ಡಬ್ಬಿಯ ಅರ್ತ್ ಕಟ್ಟಿದ್ದ ಬೋಲ್ಟಿಗೆ ಇಟ್ಟಳು. ಎರಡರ ನಡುವೆ ಏನೂ ಇರಕೂಡದು. ದೀಪ ಆರಿದ್ದಾಗ ಏನೂ ಇರಲಿಲ್ಲ. ಹೊತ್ತಿಸಿದಾಗ ಪಾಯಿಂಟ್ ನಾಲ್ಕು ವೋಲ್ಟ್. ಅರ್ಧ ವೋಲ್ಟೂ ಅಲ್ಲ, ಬೇರೆ ಯಾವುದಕ್ಕೂ ಅದು ಲೆಕ್ಕಕ್ಕಿಲ್ಲ. ಆದರೆ ಹಳೇ ಸೆನ್ಸರಿನ ಇಡೀ ಮಾತುಕತೆ ನಡೆಯುವುದೇ ಸೊನ್ನೆಗೂ ಒಂದು ವೋಲ್ಟಿಗೂ ನಡುವೆ, ಅರ್ಧಕ್ಕಿಂತ ಕೆಳಗಿದ್ದರೆ ಕಡಿಮೆ, ಮೇಲಿದ್ದರೆ ಹೆಚ್ಚು. ಮಂಜಿನ ದೀಪಗಳ ಕರೆಂಟು ತುಕ್ಕು ಹಿಡಿದ ಆ ಬೋಲ್ಟಿನ ಮೂಲಕ ಹಿಂತಿರುಗಲಾರದೆ ಒತ್ತುತ್ತಿತ್ತು, ಆ ಒತ್ತಡ ಡಬ್ಬಿಯ ಮಾತಿಗೂ ಸೇರಿ 'ಕಡಿಮೆ' ಎಂದದ್ದೆಲ್ಲ ಕಂಪ್ಯೂಟರಿಗೆ 'ಹೆಚ್ಚು' ಎಂದು ಮುಟ್ಟುತ್ತಿತ್ತು.

ಆ ಬೋಲ್ಟು ಬ್ಯಾಟರಿ ತಟ್ಟೆಯ ಹಿಂದೆ, ಎಡಗಡೆ. ಈ ಗ್ಯಾರೇಜಿಗೆ ಬಂದ ಗಾಡಿಗೆ ಹೊಸದು ಏನೇ ಕಟ್ಟಲಿ, ಹಾರ್ನು, ಫ್ಯಾನು, ಮಂಜಿನ ದೀಪ, ಅದರ ಅರ್ತ್ ಹೋಗುವುದು ಅಲ್ಲಿಗೇ. ಅಪ್ಪನ ಬೋಲ್ಟು ಎಂದೇ ಅವರ ಮನೆಯಲ್ಲಿ ಅದರ ಹೆಸರು. ಕಣ್ಣು ಕಟ್ಟಿ ಬಿಟ್ಟರೂ ಅಣ್ಣ ತಂಗಿ ಇಬ್ಬರ ಕೈಯೂ ಅಲ್ಲಿಗೇ ಹೋಗುತ್ತಿತ್ತು. 'ಗಾಡೀಲಿ ಇದೊಂದು ನಂಬು, ಮಿಕ್ಕಿದ್ದನ್ನೆಲ್ಲ ಅನುಮಾನಿಸು' ಎನ್ನುತ್ತಿದ್ದರು ಅಪ್ಪ, ಹೆಬ್ಬೆರಳಿನಿಂದ ಅದನ್ನು ಒತ್ತಿ ತೋರಿಸಿ. ಅವಳು ನಂಬಿದ್ದಳು. ಡಬ್ಬಿಯ ಜೊತೆ ಬಂದ ಹಾಳೆಯಲ್ಲಿ, ಇದರ ಅರ್ತನ್ನು ಕಂಪ್ಯೂಟರಿನ ಅರ್ತ್ ಇರುವ ಜಾಗಕ್ಕೇ ಕೊಡಿ, ಬೇರೆಲ್ಲೂ ಕೊಡಬೇಡಿ ಎಂದಿತ್ತು. ಓದಿದ್ದಳು. ಓದಿ ಪೆನ್ಸಿಲಿನಲ್ಲಿ ಗೆರೆಯನ್ನೂ ಎಳೆದಿದ್ದಳು. ಆಮೇಲೆ ಆ ಭಾನುವಾರ, ಅಣ್ಣನ ಮಾತು ಮೀರಿದೆನೆಂದು ಎದೆ ಉಬ್ಬಿಸಿಕೊಂಡು, ಯಾರ ಹಂಗೂ ಇಲ್ಲವೆಂದು ಹಾಡು ಗುನುಗುತ್ತ, ವೈರನ್ನು ನೇರ ಒಯ್ದು ಅಪ್ಪನ ಬೋಲ್ಟಿಗೆ ಕಟ್ಟಿದ್ದಳು. ದೊಡ್ಡ ಬಂಡಾಯಗಾರ್ತಿ! ಅವಳಿಗೆ ನಾಚಿಕೆಯಾಯಿತು, ಮುಖವೆಲ್ಲ ಬಿಸಿಯಾಗುವಷ್ಟು. ಮಾಡದ ತಪ್ಪನ್ನು ಯಾಕೆ ಒಪ್ಪಿಕೊಳ್ಳಲಿ ಎಂದು ಮೂರು ದಿನ ಜಗಳವಾಡಿದ್ದಳಲ್ಲ, ಈಗ ತಪ್ಪು ಸಿಕ್ಕಿತು, ಅವಳದೇ ಕೈಬರಹದಲ್ಲಿ. ಆ ಹೆಂಗಸು ಬ್ಯಾಗು ಹೊತ್ತು ನಡೆದದ್ದು ಇದಕ್ಕೆ.

ಅಣ್ಣ ಹತ್ತು ಗಂಟೆಗೆ ಬಂದಾಗ ಅವಳು ಬೋಲ್ಟನ್ನು ಬಿಚ್ಚಿ ಬೆಂಚಿನ ಮೇಲಿಟ್ಟು, ಜಾಗ ಉಜ್ಜಿ ದೀಪಗಳಿಗೆ ಹೊಸ ಬೋಲ್ಟು ಹಾಕಿದ್ದಳು. ಡಬ್ಬಿಯ ವೈರು ಕಂಪ್ಯೂಟರಿನ ಅರ್ತಿನ ಪಕ್ಕದಲ್ಲಿ ಕೂತಿತ್ತು. 'ಇನ್ನೂ ಕಿತ್ತಿಲ್ವಾ?' ಎಂದ. ಅವಳು ಹೇಳಿದಳು, ಬೆಳಿಗ್ಗೆಯಿಂದ ಕೂಡಿಟ್ಟ ಖಾರದ ಮಾತು ಒಂದನ್ನೂ ಬಳಸದೆ. ದೀಪ, ಬೋಲ್ಟು, ಹಾಳೆ, ಗೆರೆ.

'ಅಪ್ಪ ಕಟ್ಟಿದ್ದು ತಪ್ಪು ಅಂತೀಯಾ?'

'ಅಪ್ಪ ಕಟ್ಟಿದ್ದು ದೀಪ. ದೀಪಕ್ಕೆ ಅದು ಸಾಕಿತ್ತು, ಇದಕ್ಕೆ ಸಾಲ್ದು. ತುಕ್ಕು ನೋಡು. ಇಷ್ಟು ವರ್ಷದಲ್ಲಿ ನಾವಿಬ್ರೂ ಒಂದ್ಸಲನಾದ್ರೂ ಬಿಚ್ಚಿ ನೋಡಿದೀವಾ?'

ಅವನು ಬೋಲ್ಟನ್ನು ಕೈಗೆತ್ತಿಕೊಂಡ. ಬೆರಳಿಗೆ ಕೆಂಪು ಪುಡಿ ಹತ್ತಿತು. ಅಂಗಿಗೆ ಒರೆಸಿಕೊಳ್ಳದೆ ಅದನ್ನೇ ನೋಡುತ್ತ ನಿಂತ. ಅವನಿಗೂ ಐವತ್ತು ಹತ್ತಿರ ಬಂತಲ್ಲ ಎಂದು ಅವಳಿಗೆ ಒಮ್ಮೆಲೇ ಹೊಳೆಯಿತು. 'ಊರಲ್ಲಿರೋ ಅರ್ಧ ಗಾಡಿಗೆ ನಾವು ಹಿಂಗೇ ಕಟ್ಟಿದೀವಿ' ಎಂದ. ದನಿ ಇಳಿದಿತ್ತು. ಆಮೇಲೆ ಹತ್ತಿರ ಬಂದು, 'ನೋಡು, ನರ್ಸಮ್ಮಂಗೆ ಸೆನ್ಸರ್ ಕೆಟ್ಟಿತ್ತು, ಬದಲಾಯಿಸಿದ್ವಿ ಅಂದ್ಬಿಡು. ಹೊರಗಿನ ಮಾಲು, ಕೆಡುತ್ತೆ, ಯಾರೂ ಏನೂ ಅಂದ್ಕೊಳ್ಳಲ್ಲ. ಅಪ್ಪನ ಹೆಸರು ಯಾಕೆ ತೆಗೀತೀಯ? ಕೌಂಟರ್ ವಿಷಯ ಬಿಟ್ಬಿಡು. ನೀನು ಗಾಡಿ ಕೆಲಸಾನೇ ಮಾಡು, ನಾನು ಅಡ್ಡ ಬರಲ್ಲ. ನಿನ್ನಷ್ಟು ಚೆನ್ನಾಗಿ ನಂಗೆ ಬರಲ್ಲ ಅಂತ ನಂಗೇ ಗೊತ್ತು' ಎಂದ.

ಕೊನೆಯ ಮಾತು ಅವಳನ್ನು ಅಲುಗಿಸಿಬಿಟ್ಟಿತು. ಇಷ್ಟು ವರ್ಷ ಕಾದಿದ್ದ ಮಾತು ಬಂದದ್ದು ಎಂಥ ಹೊತ್ತಿನಲ್ಲಿ ನೋಡಿ, ಮುಖಕ್ಕೆ ಹೊಡೆದಂತೆ. ಹೂಂ ಅನ್ನುವುದಕ್ಕೆ ಎಷ್ಟು ಹೊತ್ತು? ಸೆನ್ಸರ್‌ಗೆ ಬಾಯಿಲ್ಲ, ತಾನು ಕೆಟ್ಟಿರಲಿಲ್ಲವೆಂದು ಅದು ಎದ್ದು ನಿಂತು ಹೇಳುವುದಿಲ್ಲ. ಗಾಡಿ ಸರಿಹೋಗಿದೆ, ಮುಂದೆ ನಿಲ್ಲುವುದಿಲ್ಲ, ಯಾರಿಗೂ ನಷ್ಟವಿಲ್ಲ. ಸೋಮವಾರ ಬೆಳಿಗ್ಗೆ ಇದೇ ನೆಲದ ಮೇಲೆ, ಇದೇ ಕಬ್ಬಿಣದ ಕೆಳಗೆ ಮಲಗಬಹುದು. ಬೇಕಾಗಿದ್ದದ್ದು ಅದೇ ತಾನೇ? ಬಾಯಲ್ಲಿ ನೀರು ಬರುವಷ್ಟು ಬೇಕಾಗಿತ್ತು ಅವಳಿಗೆ. ಸುಳ್ಳು ಹೇಳಿ ಉಳಿಸಿಕೊಂಡ ಜಾಗದಲ್ಲಿ ಮಲಗಿ, ಮುಂದಿನ ಗಾಡಿಯ ತೊದಲನ್ನು ಯಾವ ಕಿವಿಯಿಂದ ಕೇಳುವುದು? ಅವಳು ಕೈ ತೊಳೆಯಲು ಹೋದಳು. ಸೋಪು ಎರಡು ಸಲ ಜಾರಿತು.

ನರ್ಸಮ್ಮ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು, ಹೆಗಲಿಗೆ ಅದೇ ಬ್ಯಾಗು. 'ಏನಮ್ಮಾ, ಕಿತ್ತ್ಯಾ ನಿನ್ನ ಹೊಸ ಮೂಗನ್ನ?'

ಅಣ್ಣ ಮುಂದೆ ಬಂದ. 'ಹೊರಗಿನ ಮಾಲು ನೋಡಿ, ಸ್ವಲ್ಪ...'

'ಕಿತ್ತಿಲ್ಲ' ಎಂದಳು ಅವಳು. ತನ್ನ ದನಿ ತನಗೇ ಜೋರಾಗಿ ಕೇಳಿತು. 'ಅದು ಕೆಟ್ಟೇ ಇರ್ಲಿಲ್ಲ. ವೈರನ್ನ ನಾನು ತಪ್ಪು ಜಾಗಕ್ಕೆ ಕಟ್ಟಿದ್ದೆ. ಹಾಳೇಲಿ ಬರೆದಿತ್ತು, ಓದಿದ್ದೆ, ಆದ್ರೂ ಕಟ್ದೆ. ದೀಪ ಹಾಕಿದ್ರೆ ಗಾಡಿ ಒದ್ದಾಡ್ತಿತ್ತು. ಅವತ್ತು ನೀವು ನಡೆದಿದ್ದು ನನ್ನಿಂದ.'

'ಪುಟ್ಟೀ!' ಎಂದ ಅಣ್ಣ.

'ಆ ಬೋಲ್ಟಿಗೆ ಕಟ್ಟೋದು ನಮ್ಮಪ್ಪ ಕಲಿಸಿದ್ದು. ಬಿಚ್ಚಿ ನೋಡದೆ ನಂಬಿದ್ದು ನಾವು' ಎಂದು ಅವಳು ಮುಗಿಸಿದಳು.

ನರ್ಸಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು, ದಿನ ತುಂಬಿದವರನ್ನು ನೋಡುವ ಹಾಗೆ. 'ದಿಬ್ಬದುದ್ದಕ್ಕೂ ನಿನ್ನನ್ನ ಎಷ್ಟು ಬೈಕೊಂಡೆ ಗೊತ್ತಾ? ನನ್ನ ಬಾಯಲ್ಲಿ ಅಂಥ ಮಾತು ಇತ್ತು ಅಂತ ನಂಗೇ ಗೊತ್ತಿರ್ಲಿಲ್ಲ.'

'ನ್ಯಾಯವಾಗೇ ಬೈದಿದೀರಿ.'

'ನ್ಯಾಯ ಗೀಯ ಆಮೇಲೆ. ಗಾಡಿ ಹತ್ತು. ದೀಪ ಹಾಕ್ಕೊಂಡೇ ಹೋಗೋಣ. ಈ ಸಲ ನಿಂತ್ರೆ ಬ್ಯಾಗ್ ಹೊರೋಳು ನೀನು.'

ಹಾಡುಹಗಲು ಹನ್ನೊಂದೂಕಾಲಕ್ಕೆ ನಾಲ್ಕೂ ದೀಪ ಉರಿಸಿಕೊಂಡು, ಕರೆಂಟಿನ ಭಾರ ಇನ್ನಷ್ಟು ಕೂಡಲೆಂದು ಒಣ ಗಾಜಿನ ಮೇಲೆ ವೈಪರ್ ಕಿರ್ರೆನ್ನಿಸುತ್ತ ಅವರು ದಿಬ್ಬ ಹತ್ತಿದರು. ಎದುರಿಗೆ ಬಂದವರೆಲ್ಲ ದೀಪ, ದೀಪ ಎಂದು ಬೆರಳು ಮುಚ್ಚಿ ತೆರೆದು ತೋರಿಸಿದರು. ಒಬ್ಬ ಸ್ಕೂಟರಿನವನು ನಿಲ್ಲಿಸಿಯೇ ಕೂಗಿದ. 'ಗೊತ್ತು ಕಣಯ್ಯಾ, ಹೋಗು!' ಎಂದು ನರ್ಸಮ್ಮ ಗದರಿದಳು. ಪಕ್ಕದ ಸೀಟಿನಲ್ಲಿ ಕೂತ ಅವಳು ಮೀಟರಿನಿಂದ ಕಣ್ಣು ತೆಗೆಯಲಿಲ್ಲ. ಹದಿನಾಲ್ಕು ಪಾಯಿಂಟ್ ಏಳು. ಆರು. ಏಳು. ಕೊನೆಯ ತಿರುವಿನಲ್ಲಿ ನರ್ಸಮ್ಮ ಬೇಕೆಂದೇ ಗಾಡಿ ನಿಲ್ಲಿಸಿ, ಮತ್ತೆ ಎತ್ತಿದಳು. ಇಂಜಿನ್ ಒಂದು ಸಲವೂ ತೊದಲಲಿಲ್ಲ. ಅವಳು ಉಸಿರು ಬಿಟ್ಟಳು, ಆಗ ಕೇಳಿದಳು, 'ಏನು ಮಗು?' 'ಹೆಣ್ಣು. ಮಹಾ ಗಟ್ಟಿಗಂಟಲು' ಎಂದಳು ನರ್ಸಮ್ಮ.

ಗ್ಯಾರೇಜಿನ ಮುಂದೆ ಅವಳನ್ನು ಇಳಿಸಿ ನರ್ಸಮ್ಮ ಹೊರಟುಹೋದಳು. ಅಣ್ಣ ಬಾಗಿಲಲ್ಲೇ ನಿಂತಿದ್ದ. 'ಸರಿಹೋಯ್ತಲ್ಲ. ಇಲ್ಲಿಗೆ ಬಿಟ್ಬಿಡು ಇನ್ನು' ಎಂದ. ಬಿಡುವುದಾದರೆ ಬಿಡಬಹುದಿತ್ತು. ಆದರೆ ಅರ್ಧ ಊರು ಎಂದು ಬಾಯಿಬಿಟ್ಟವನು ಅವನೇ ಅಲ್ಲವೇ? ತುಕ್ಕು ಹಿಡಿದ ಬೋಲ್ಟಿನಿಂದ ಇವತ್ತು ದೀಪ ಮಂಕಾಗುತ್ತದೆ, ನಾಳೆ ವೈರು ಸುಡುತ್ತದೆ. ಅವಳು ಅಲ್ಲೇ ನಿಂತು ತನ್ನ ಫೋನು ತೆಗೆದು, ಮೊದಲು ನೆನಪಾದ ಸ್ಕೂಲ್ ವ್ಯಾನಿನವನಿಗೆ ಕರೆ ಮಾಡಿದಳು.

'ಗ್ಯಾರೇಜಿನಿಂದ ಮಾತಾಡ್ತಿರೋದು. ನಿಮ್ಮ ವ್ಯಾನಿಗೆ ನಾವು ಕಟ್ಟಿದ ಅರ್ತ್ ತಪ್ಪಾಗಿದೆ. ಗಾಡಿ ತನ್ನಿ.'

'ತಪ್ಪಾ? ನೀವು ಕಟ್ಟಿದ್ದಾ?' ಆ ಕಡೆಯವನು ಗಲಿಬಿಲಿಗೊಂಡ. 'ಅಣ್ಣ ಇಲ್ವೇನಮ್ಮಾ? ಅವರಿಗೆ ಕೊಡಿ ಫೋನು.'

ಫೋನಿನ ಮಾತು ಪಕ್ಕದವರಿಗೂ ಕೇಳುತ್ತಿತ್ತು. ಅಣ್ಣ ಕೈ ಚಾಚಿದ. ಬೆರಳ ತುದಿಯಲ್ಲಿ ತುಕ್ಕು ಇನ್ನೂ ಕೆಂಪಗಿತ್ತು.

'ಅಣ್ಣ ಇಲ್ಲೇ ಇದಾನೆ' ಎಂದಳು ಅವಳು. 'ಆದ್ರೆ ಕಟ್ಟಿದ ಕೈ ನಂದು, ಬಿಚ್ಚೋದೂ ನಾನೇ. ಸೋಮವಾರ ಎಂಟಕ್ಕೆ ತನ್ನಿ. ಮೆಕ್ಯಾನಿಕ್ ಎಲ್ಲಿ ಅಂತ ಕೇಳಿ, ನಾನೇ ಬರ್ತೀನಿ.'

ಅಣ್ಣನ ಕೈ ಚಾಚಿದಂತೆಯೇ ಇತ್ತು. ಅವಳು ಮುಂದಿನ ನಂಬರು ಒತ್ತಿದಳು.